ಬೆನ್ನಿನ ಮಣಿ ಕಟ್ಟಿದ ವಾರ

ಗ್ರಹಣ ಹಿಡಿದಾಗ ಬಸುರಿ ಹೆಂಗಸು ಕತ್ತಿ ಮುಟ್ಟಬಾರದು, ಸೂಜಿಗೆ ದಾರ ಪೋಣಿಸಬಾರದು, ಹುಲ್ಲುಕಡ್ಡಿಯನ್ನೂ ಮುರಿಯಬಾರದು ಎಂಬುದು ಬೂದಿಗೆರೆಯಲ್ಲಿ ಹಾಲುಗಲ್ಲದ ಮಕ್ಕಳಿಗೂ ಗೊತ್ತಿದ್ದ ಮಾತು. ಸೊಣ್ಣಮ್ಮನಿಗೂ ಗೊತ್ತಿತ್ತು. ಗೊತ್ತಿದ್ದೂ ಮುಟ್ಟಿದಳು. ಯಾಕೆ ಮುಟ್ಟಿದಳು ಅಂತ ಕೇಳುವ ಪುರುಸೊತ್ತು ಮಾತ್ರ ಊರಿನಲ್ಲಿ ಒಬ್ಬರಿಗೂ ಇರಲಿಲ್ಲ.

ನಡೆದದ್ದು ಇಷ್ಟೆ. ಅವಳು ಗಂಗಣ್ಣನ ಕೈಹಿಡಿದು ಬಂದ ವರ್ಷವೇ ಮಾರ್ಗಶಿರದ ಹುಣ್ಣಿಮೆಗೆ ಚಂದ್ರಗ್ರಹಣ ಬಂತು. ಅವಳಿಗೆ ಐದು ತುಂಬಿ ಆರಕ್ಕೆ ಬಿದ್ದಿತ್ತು. ಅತ್ತೆ ಮುನಿವೆಂಕಟಮ್ಮ ಸೊಸೆಯನ್ನು ಒಳಮನೆಯಲ್ಲಿ ಚಾಪೆಯ ಮೇಲೆ ಮಲಗಿಸಿ, "ಕೈಕಾಲು ಮಡಚ್ಬೇಡ, ಅಳ್ಳಾಡ್ಬೇಡ, ಗ್ರಾಣ ಬಿಡೋಗಂಟ ಹಿಂಗೇ ಬಿದ್ಕೊಂಡಿರು" ಅಂತ ಹೇಳಿ ಗುಡಿಯ ಕಡೆ ಹೋದರು. ಗಂಗಣ್ಣ ಕೆರೆಗೆ ಮುಳುಗು ಹಾಕಲು ಹೋಗಿದ್ದ. ಆಗ ಕೊಟ್ಟಿಗೆಯಲ್ಲಿ ಹಸು ಗೊರಗೊರ ಅನ್ನತೊಡಗಿತು. ಕಟ್ಟಿದ ಹಗ್ಗ ಕುತ್ತಿಗೆಗೆ ಎರಡು ಸುತ್ತು ಸುತ್ತಿಕೊಂಡು ನಾಲಗೆ ಹೊರಗೆ ಬಂದಿತ್ತು. ಸೊಣ್ಣಮ್ಮ ಗಂಟು ಬಿಚ್ಚಲು ನೋಡಿದಳು, ಬಿಚ್ಚಲಿಲ್ಲ. ಸೂರಿನಲ್ಲಿ ಸಿಕ್ಕಿಸಿದ್ದ ಕುಡುಗೋಲು ಕೈಗೆ ಬಂತು. ಹಗ್ಗ ಕುಯ್ದಳು.

ಹಸು ಬದುಕಿತು. ಆದರೆ ಅತ್ತೆ ಬಂದಾಗ ಸೊಸೆಯ ಕೈಯಲ್ಲಿ ಕುಡುಗೋಲು ಹಾಗೇ ಇತ್ತು.

"ನಿನ್ ಕೈ ಸೇದೋಗ! ಏನ್ಮಾಡ್ಬುಟ್ಟೆ ಮುಂಡೇದೇ!" ಅಂತ ಮುನಿವೆಂಕಟಮ್ಮ ಕಿರುಚಿದ್ದು ಕೆರೆಯ ಏರಿಯವರೆಗೂ ಕೇಳಿಸಿತಂತೆ.

ಮೂರು ತಿಂಗಳು ಕಳೆದು ಯುಗಾದಿಗೆ ಇನ್ನೂ ಎಂಟು ದಿನವಿರುವಾಗ ತೌರೂರು ಪಿಲ್ಲಗುಂಪೆಯಲ್ಲಿ ಸೊಣ್ಣಮ್ಮ ಹೆಣ್ಣುಮಗು ಹೆತ್ತಳು. ಮುಖವೇನೋ ಚೆಂದ, ಬಣ್ಣವೂ ಚೆಂದ. ಬೆನ್ನು ಮಾತ್ರ ನಡುವಿನಲ್ಲಿ ಎಡಕ್ಕೆ ವಾಲಿತ್ತು. ಮೊಮ್ಮಗಳನ್ನು ನೋಡಲು ಬಂದ ಮುನಿವೆಂಕಟಮ್ಮ ಮಗುವನ್ನು ಬೋರಲು ಹಾಕಿಕೊಂಡು, ಹೆಬ್ಬೆರಳಿನಿಂದ ಬೆನ್ನುಮೂಳೆಯನ್ನು ಮೇಲಿನಿಂದ ಸವರುತ್ತಾ ಬಂದು ಒಂದು ಕಡೆ ನಿಲ್ಲಿಸಿದರು. "ಇಗೋ ನೋಡಿ, ಇಲ್ಲೇ ಕುಡುಗೋಲು ತಾಗಿರೋದು" ಅಂದರು. ಬಾಣಂತಿಯ ಅವ್ವ ಲಕ್ಕಮ್ಮ, ಗಂಡ ಸತ್ತ ಮೇಲೆ ಇದ್ದೊಬ್ಬ ಮಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದವಳು, ಸೆರಗು ಬಾಯಿಗೆ ತುರುಕಿಕೊಂಡು ಗೋಡೆಗೆ ಒರಗಿ ನಿಂತಳು. ಹೆಣ್ಣು ಕೊಟ್ಟವರು ಬೀಗರ ಎದುರು ಬಾಯಿ ಬಿಡುವುದುಂಟೇ?

ಮಗುವಿಗೆ ಊರ ದೇವತೆಯ ಹೆಸರನ್ನೇ ಇಟ್ಟು ಸಪ್ಪಲಮ್ಮ ಅಂತ ಕರೆದರು. ಅವಳು ಕೂತಾಗ ವಾಲಿಕೊಂಡು ಕೂತಳು, ನಡೆದಾಗ ವಾಲಿಕೊಂಡು ನಡೆದಳು. ವರ್ಷ ಕಳೆದ ಹಾಗೆ ಬೆನ್ನು ಇನ್ನಷ್ಟು ಬಾಗಿತು. ನಗುವುದಕ್ಕೆ ಮಾತ್ರ ಯಾವ ಕುಂದೂ ಇರಲಿಲ್ಲ. ಕೋಳಿ ಓಡಿದರೂ ನಗು, ಬಿದ್ದರೂ ನಗು. ಆ ಹಸುವಿನ ಹಾಲನ್ನು ಮುನಿವೆಂಕಟಮ್ಮ ದಿನಾ ಎರಡು ಹೊತ್ತು ಕಾಸಿ ಕುಡಿದರು. ಅದಕ್ಕೆ ಯಾವ ಗ್ರಹಣದ ದೋಷವೂ ತಟ್ಟಲಿಲ್ಲ ನೋಡಿ!

ಅತ್ತೆ ಕೆಟ್ಟವರೇನಲ್ಲ, ಅದನ್ನೂ ಹೇಳಬೇಕು. ಮೊಮ್ಮಗಳಿಗೆ ಎಣ್ಣೆ ನೀವಿ ನೀರು ಹಾಕುವವರು ಅವರೇ, ತಟ್ಟೆಯ ಅಂಚಿನ ಬೆಣ್ಣೆ ಅವಳಿಗೇ. ಆದರೆ ಎಣ್ಣೆ ನೀವುವಾಗಲೆಲ್ಲ ಕೈ ಆ ಜಾಗಕ್ಕೆ ಬಂದು ನಿಲ್ಲುತ್ತಿತ್ತು, ಬಾಯಿಯಲ್ಲಿ ಅದೇ ಮಾತು ಬರುತ್ತಿತ್ತು. "ಹೆತ್ತೋಳೇ ಕುಯ್ದ್ಳಲ್ಲವ್ವಾ ನಿನ್ನ." ಅತ್ತೆ ಅಂದದ್ದನ್ನು ನೆರೆಮನೆಯ ಅಮ್ಮಯಮ್ಮ ಅಂದಳು, ಅಮ್ಮಯಮ್ಮ ಅಂದದ್ದನ್ನು ಬಾವಿಕಟ್ಟೆ ಅಂದಿತು. ಊರ ಬಾಯಿ ಮುಚ್ಚಲು ಮುಚ್ಚಳ ಉಂಟೇ? ಯಾರ ಮನೆಯಲ್ಲಾದರೂ ಬಸುರಿಗೆ ಮಡಿಲು ತುಂಬುವುದಿದ್ದರೆ ಸೊಣ್ಣಮ್ಮನಿಗೆ ಕರೆ ಬರುತ್ತಿರಲಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಸೊಣ್ಣಮ್ಮನೇ ಅದನ್ನು ನಂಬಿದ್ದಳು. ಆ ದಿನದಿಂದ ಅವಳು ಕತ್ತಿ ಹಿಡಿದಿರಲಿಲ್ಲ. ಸೊಪ್ಪನ್ನು ಕೈಯಲ್ಲೇ ಚಿವುಟುತ್ತಿದ್ದಳು, ಹುರುಳಿಕಾಯಿ ಮುರಿಯುತ್ತಿದ್ದಳು, ಕುಂಬಳಕಾಯಿ ಬಂದರೆ ಗಂಡ ಬರುವ ತನಕ ಅದು ಮೂಲೆಯಲ್ಲೇ ಕೂತಿರುತ್ತಿತ್ತು. ಮಗು ಮಲಗಿದಾಗ ಅದರ ಬೆನ್ನಿನ ಮೇಲೆ ಕೈಯಿಟ್ಟು ಆ ಜಾಗ ಹುಡುಕುತ್ತಿದ್ದಳು. ಹಗ್ಗ ಕುಯ್ಯುವಾಗ ಕೈಗೆ ಸಿಕ್ಕ ಆ ಬಿಗಿ ಅವಳಿಗೆ ಇನ್ನೂ ನೆನಪಿತ್ತು. ಹಗ್ಗದ್ದೋ, ಮಗುವಿನದೋ ಅಂತ ಕೇಳಿಕೊಳ್ಳುತ್ತಿದ್ದಳು. ಒಂದೇ ಒಂದು ಸಲ ಯಾರಾದರೂ "ನಿನ್ನ ತಪ್ಪಲ್ಲ ಕಣೇ" ಅಂದಿದ್ದರೆ ಅವರ ಕಾಲಿಗೆ ಬೀಳುತ್ತಿದ್ದಳು. ಅದರಲ್ಲೂ ಅತ್ತೆಯ ಬಾಯಲ್ಲಿ ಆ ಮಾತು ಬರಬೇಕು, ಮಗಳಿಗೆ ಬುದ್ಧಿ ಬರುವುದರೊಳಗೆ ಬರಬೇಕು. ಅವಳಿಗಿದ್ದ ಆಸೆ ಅದೊಂದೇ.

ಸಪ್ಪಲಮ್ಮನಿಗೆ ಎರಡೂವರೆ ತುಂಬಿದಾಗ ಒಂದು ದಿನ, ಬಾಗಿಲಿಗೆ ಬಂದ ಬಳೆಗಾರ "ಏನವ್ವಾ ನಿನ್ನ ಹೆಸರು?" ಅಂತ ಕೇಳಿದ. ಮಗು ನಕ್ಕೊಂಡು, "ಗ್ರಾಣದ್ ಪುಟ್ಟಿ" ಅಂದಿತು. ಬೀದಿಯ ಮಕ್ಕಳು ಹಾಗೆ ಕರೆಯುತ್ತಿದ್ದರು. ಅದಕ್ಕೆ ಅದೇ ತನ್ನ ಹೆಸರೆನಿಸಿತ್ತು. ಸೊಣ್ಣಮ್ಮನ ಕರುಳು ಕಿತ್ತು ಬಂತು. ಅವತ್ತು ಸಂಜೆ ಗಂಡನ ಮುಂದೆ ಕೂತು, "ಇವಳನ್ನ ಹೊಸಕೋಟೆ ಡಾಕ್ಟ್ರಮ್ಮಂಗೆ ತೋರ್ಸೋಣ. ಇಲ್ಲ ಅಂದ್ರೆ ನಾನು ಅನ್ನ ಮುಟ್ಟಲ್ಲ" ಅಂದಳು. ಗಂಗಣ್ಣ ಹೆಚ್ಚು ಮಾತಿನವನಲ್ಲ. ಬೆಳಗ್ಗೆ ಗಾಡಿ ಕಟ್ಟಿದ.

ಡಾಕ್ಟರಮ್ಮನ ಹೆಸರು ರುಕ್ಮಿಣಮ್ಮ. ಬೆಂಗಳೂರಿನಿಂದ ವಾರಕ್ಕೆ ಎರಡು ದಿನ ಹೊಸಕೋಟೆಗೆ ಬರುತ್ತಿದ್ದರು. ಕನ್ನಡಕ, ಬಿಳಿ ಸೀರೆ, ಮಾತು ಸ್ವಲ್ಪ ಖಾರ. ಮಗುವನ್ನು ನಿಲ್ಲಿಸಿ, ಬಗ್ಗಿಸಿ, ಬೆನ್ನು ತಟ್ಟಿ ನೋಡಿದರು. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟು, ಮೂಳೆಯ ಫೋಟೋ ತೆಗೆಸಿಕೊಂಡು ಬರಲು ಹೇಳಿದರು. ಮುಂದಿನ ವಾರ ಆ ಕರಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಸೊಣ್ಣಮ್ಮನನ್ನು ಹತ್ತಿರ ಕರೆದರು.

"ನೋಡಮ್ಮ, ಇದು ನಿನ್ನ ಮಗಳ ಬೆನ್ನುಮೂಳೆ. ಒಂದರ ಕೆಳಗೆ ಒಂದು ಚೌಕ ಚೌಕ ಕಾಣ್ತಾ ಇದೆಯಲ್ಲ? ಇಲ್ಲಿ ನೋಡು. ಈ ಒಂದು ಮಾತ್ರ ಅರ್ಧ. ಬಲಗಡೆ ಇದೆ, ಎಡಗಡೆ ಇಲ್ಲ. ಅದಕ್ಕೇ ಮೇಲಿನ ಮೂಳೆಗಳು ಈ ಕಡೆ ವಾಲಿವೆ."

ಸೊಣ್ಣಮ್ಮ ನೋಡಿದಳು. ಅರ್ಧ ಮೂಳೆ. ಇನ್ನರ್ಧ ಕುಯ್ದು ಹೋದಂತೆಯೇ ಇತ್ತು. ಕಿಟಕಿಯ ಕೆಳಗೆ ಕುಸಿದು ಕೂತಳು.

"ನಾನೇ ಡಾಕ್ಟ್ರಮ್ಮ. ನಾನೇ ಕುಯ್ದಿದ್ದು" ಅಂದಳು.

ಒಂದೊಂದಾಗಿ ಎಲ್ಲ ಹೊರಗೆ ಬಂತು. ಹಸು, ಹಗ್ಗ, ಕುಡುಗೋಲು, ಅತ್ತೆಯ ಹೆಬ್ಬೆರಳು. ರುಕ್ಮಿಣಮ್ಮ ಗದರುತ್ತಾರೆ, ಇಲ್ಲವೇ ನಗುತ್ತಾರೆ ಅಂತ ಅವಳು ಅಂದುಕೊಂಡಿದ್ದಳು. ಅವರು ಗದರಲಿಲ್ಲ, ನಗಲೂ ಇಲ್ಲ. ಹಾಳೆಯನ್ನು ಮೇಜಿನ ಮೇಲಿಟ್ಟು, "ನಿಮ್ಮನೇಲಿ ಕೋಳಿ ಇದೆಯಾ?" ಅಂತ ಕೇಳಿದರು.

"ಇದಾವೆ."

"ಕಾವಿಗೆ ಕೂತಿರೋದು?"

"ಒಂದು ಇವತ್ತೋ ನಾಳೆಯೋ ಕೂರುತ್ತೆ."

"ಹಾಗಾದ್ರೆ ಕೇಳು. ಇವತ್ತು ಭಾನುವಾರ. ಸೋಮವಾರ ಬೆಳಗ್ಗೆ ಒಂದು ಮೊಟ್ಟೆಗೆ ಮಸಿಯಲ್ಲಿ ಗುರುತು ಹಾಕಿ ಅದರ ಕೆಳಗಿಡು. ಗುರುವಾರ ಬೆಳಗ್ಗೆ ತೆಗೆದು, ಬಟ್ಟೆಯಲ್ಲಿ ಸುತ್ತಿ, ತಣ್ಣಗಾಗದ ಹಾಗೆ ಮಡಿಲಲ್ಲಿಟ್ಕೊಂಡು ಬಾ. ನಮ್ಮ ತಾಯಿಗೆ ಗೊತ್ತಾದ್ರೆ ನನ್ನನ್ನ ಅಡುಗೆಮನೆಗೆ ಸೇರಿಸಲ್ಲ. ಇರಲಿ, ಬಾ."

ಗುರುವಾರ ಗಾಡಿಯ ದಾರಿಯುದ್ದಕ್ಕೂ ಸೊಣ್ಣಮ್ಮ ಹೊಟ್ಟೆಗೆ ಮೊಟ್ಟೆ ಒತ್ತಿಕೊಂಡು ಕೂತಿದ್ದಳು. ಗಂಗಣ್ಣ ಹಿಂದಿರುಗಿ ನೋಡಿ, "ನೀನೇ ಕಾವು ಕೊಟ್ಟು ಮರಿ ಮಾಡ್ಬುಡ್ತೀಯ ಕಣೇ" ಅಂತ ಅಂದ. ಬಹಳ ದಿನದ ಮೇಲೆ ಅವಳಿಗೆ ನಗು ಬಂತು.

ರುಕ್ಮಿಣಮ್ಮ ಬೋಗುಣಿಯಲ್ಲಿ ಬೆಚ್ಚನೆಯ ಉಪ್ಪುನೀರು ಹುಯ್ದು, ಅದರೊಳಗೆ ಮೊಟ್ಟೆಯನ್ನು ಮೆಲ್ಲಗೆ ಒಡೆದರು. ಮೊಟ್ಟೆಯ ಹಳದಿಯ ಮೇಲೆ ಕೆಂಪು ನೂಲಿನ ಒಂದು ವರ್ತುಲ. ನಡುವೆ ಬಿಳಿಯ ಸಣ್ಣ ಎಳೆ, ಉಗುರಿನಷ್ಟೂ ಇಲ್ಲ. ಅದರೊಳಗೆ ಒಂದು ಕೆಂಪು ಚುಕ್ಕಿ ಟಪ್ ಟಪ್ ಅಂತ ಹೊಡೆದುಕೊಳ್ಳುತ್ತಿತ್ತು.

"ಅಯ್ಯೋ, ಜೀವ!" ಅಂದಳು ಸೊಣ್ಣಮ್ಮ.

"ಹೂಂ, ಗುಂಡಿಗೆ. ಈಗ ಈ ಗಾಜಿನಲ್ಲಿ ನೋಡು. ಆ ಎಳೆಯ ಬೆನ್ನು ನೋಡು."

ಭೂತಗಾಜಿನೊಳಗೆ ಅವಳಿಗೆ ಕಂಡಿತು. ಬೆನ್ನಿನ ನಡುವೆ ಒಂದು ದಾರದಂಥ ಗೆರೆ. ಅದರ ಎರಡೂ ಪಕ್ಕಕ್ಕೆ, ಸಾಸಿವೆಯನ್ನು ಹತ್ತು ಪಾಲು ಮಾಡಿದರೆ ಒಂದು ಪಾಲಿನಷ್ಟು ಇರುವ ಮಣಿಗಳು, ಜೊತೆ ಜೊತೆಯಾಗಿ, ತಲೆಯಿಂದ ಬಾಲದವರೆಗೆ ಸಾಲಾಗಿ ಕೂತಿದ್ದವು.

"ಇದು ಬೆನ್ನು ಕಟ್ಟೋ ರೀತಿ" ಅಂದರು ರುಕ್ಮಿಣಮ್ಮ. "ತಲೆ ಕಡೆಯಿಂದ ಶುರುವಾಗಿ ಒಂದೊಂದು ಜೊತೆ ಮಣಿ ಬಾಲದ ಕಡೆಗೆ ಕೂಡಿಕೊಳ್ತಾ ಬರುತ್ತೆ. ಇದರಲ್ಲಿ ಇನ್ನೂ ಮೂಳೆ ಇಲ್ಲ, ಮಾಂಸ ಇಲ್ಲ, ಎಲ್ಲ ಒಂದೇ ಮುದ್ದೆ. ಆಮೇಲೆ ಒಂದೊಂದು ಮಣಿಯೂ ಅಣ್ಣತಮ್ಮಂದಿರು ಪಾಲಾದ ಹಾಗೆ ಪಾಲಾಗುತ್ತೆ. ಒಳಗಿನ ಪಾಲು ಸರಿದು ಆ ದಾರವನ್ನ ತಬ್ಬಿಕೊಂಡು ಮೂಳೆಯಾಗುತ್ತೆ. ನಡುವಿನ ಪಾಲು ಮಾಂಸಖಂಡ. ಹೊರಗಿನ ಪಾಲು ಬೆನ್ನಿನ ಚರ್ಮದ ಒಳಪದರ. ಒಂದು ಮಣಿಯ ಅರ್ಧ, ಅದರ ಮುಂದಿನ ಮಣಿಯ ಅರ್ಧ ಸೇರಿ ಒಂದು ಮೂಳೆ. ಕೋಳಿಗೂ ಹೀಗೇ, ಹಸುವಿಗೂ ಹೀಗೇ, ನಿನಗೂ ನನಗೂ ಹೀಗೇ."

"ನನ್ನ ಮಗೀಗೆ?"

"ನಿನ್ನ ಮಗಳಿಗೆ ಒಂದು ಕಡೆ ಒಂದು ಮಣಿ ಸರಿಯಾಗಿ ಕೂಡಿಬರಲಿಲ್ಲ. ಅಷ್ಟೆ. ಈಗ ಹೇಳು, ಕೋಳಿಗೆ ಇದು ಯಾವಾಗ ಕಟ್ಟಿತು?"

"ಮೂರು ದಿನದಲ್ಲಿ."

"ಮರಿ ಹೊರಗೆ ಬರೋದು?"

"ಇಪ್ಪತ್ತೊಂದಕ್ಕೆ."

"ಮನುಷ್ಯರಿಗೆ ಬಸಿರು ನಿಂತ ನಾಲ್ಕನೇ ವಾರ. ಹೆಚ್ಚಂದ್ರೆ ಐದನೇ ವಾರ. ಮುಟ್ಟು ತಪ್ಪಿದೆಯಲ್ಲಾ ಅಂತ ನಿನಗೆ ಅನುಮಾನ ಬರೋ ಹೊತ್ತಿಗೆ ಅಲ್ಲಿ ಮಣಿಸಾಲು ಕಟ್ತಾ ಇರುತ್ತೆ. ನೀನು ಹಗ್ಗ ಕುಯ್ದದ್ದು ಆರನೇ ತಿಂಗಳು. ಅಷ್ಟು ಹೊತ್ತಿಗೆ ಆ ಮೂಳೆ ಅರ್ಧ ಆಗಿ ನಾಲ್ಕು ತಿಂಗಳ ಮೇಲಾಗಿತ್ತು. ಕುಡುಗೋಲಲ್ಲ, ನೀನು ಗರಗಸ ಹಿಡಿದಿದ್ರೂ ಅದಕ್ಕೆ ಏನೂ ಆಗ್ತಿರಲಿಲ್ಲ."

ಸೊಣ್ಣಮ್ಮ ಭೂತಗಾಜು ಕೆಳಗಿಟ್ಟಳು. "ಹಂಗಾದ್ರೆ ಯಾರು ಮಾಡಿದ್ದು ಡಾಕ್ಟ್ರಮ್ಮ?"

"ಯಾರೂ ಮಾಡಲಿಲ್ಲ. ಯಾಕೆ ಹೀಗಾಗುತ್ತೆ ಅನ್ನೋದು ನಮಗೂ ಗೊತ್ತಿಲ್ಲ. ಮಗು ಬದುಕುತ್ತೆ, ಓಡಾಡುತ್ತೆ, ಬೆನ್ನು ನೆಟ್ಟಗೆ ಮಾಡೋಕೆ ನನ್ನ ಕೈಯಲ್ಲಾಗಲ್ಲ. ಆದ್ರೆ ನಿನ್ನ ತಪ್ಪಲ್ಲ ಅಂತ ಹೇಳೋಕೆ ಆಗುತ್ತೆ. ನಿನ್ನ ತಪ್ಪಲ್ಲಮ್ಮ."

ಮೂರು ವರ್ಷ ಕಾದ ಮಾತು. ಸೊಣ್ಣಮ್ಮ ಹೋ ಅಂತ ಅತ್ತುಬಿಟ್ಟಳು. ಬೋಗುಣಿಯ ಕಡೆ ನೋಡಿದಾಗ ಆ ಕೆಂಪು ಚುಕ್ಕಿ ನಿಧಾನವಾಗಿ, ಬಿಟ್ಟು ಬಿಟ್ಟು ಹೊಡೆದುಕೊಳ್ಳುತ್ತಿತ್ತು. ಅದು ನಿಲ್ಲುವ ತನಕ ಅವಳು ಅಲ್ಲಿಂದ ಏಳಲಿಲ್ಲ. ತನಗೋಸ್ಕರ ಒಂದು ಜೀವ ಹೋಯಿತಲ್ಲ ಅಂತ ಅದಕ್ಕೂ ಅತ್ತಳು.

ಮನೆಗೆ ಬಂದವಳು ಗೂಟದಲ್ಲಿದ್ದ ಕತ್ತಿ ತೆಗೆದುಕೊಂಡು, ಮೂಲೆಯಲ್ಲಿ ಕೂತಿದ್ದ ಕುಂಬಳಕಾಯಿಯನ್ನು ಎರಡು ಹೋಳು ಮಾಡಿದಳು. ಅತ್ತೆ ಬಾಗಿಲಲ್ಲಿ ನಿಂತು ಹುಬ್ಬು ಗಂಟು ಹಾಕಿಕೊಂಡರು. ಸೊಣ್ಣಮ್ಮ ಏನೂ ಹೇಳಲಿಲ್ಲ. ಹೇಳಲು ಗುಂಡಿಗೆ ಬೇಕು. ಇನ್ನೂ ಅಷ್ಟು ಗುಂಡಿಗೆ ಬಂದಿರಲಿಲ್ಲ. "ಅವ್ವ ಬರ್ಲಿ, ಅವರ ಮುಂದೇನೇ ಹೇಳ್ತೀನಿ. ಬೀಗಿತ್ತೀರಿಬ್ಬರೂ ಕೇಳ್ಲಿ" ಅಂತ ಗಂಡನ ಹತ್ತಿರ ಅಂದಳು. ಅವ್ವನೂ ಮೂರು ವರ್ಷ ತಲೆ ತಗ್ಗಿಸಿದವಳಲ್ಲವೇ? ಅವಳೂ ಒಂದು ಸಲ ತಲೆ ಎತ್ತಲಿ ಅನ್ನುವುದು ಮಗಳ ಆಸೆ. ಪಾಪ, ಆ ಆಸೆಯೇ ಅವಳಿಗೆ ಮುಳುವಾಯಿತು.

ಅವರೆಕಾಯಿ ಕಾಲ. ಪಿಲ್ಲಗುಂಪೆಯಿಂದ ಲಕ್ಕಮ್ಮ ಒಂದು ಮೂಟೆ ಸೊಗಡಿನ ಕಾಯಿ ಹೊರಿಸಿಕೊಂಡು ಬಂದಳು. ಮಧ್ಯಾಹ್ನ ಮೂವರೂ ಜಗುಲಿಯಲ್ಲಿ ಕಾಲು ಚಾಚಿ, ನೆನೆಹಾಕಿದ ಕಾಳನ್ನು ಹಿತುಕುತ್ತಾ ಕೂತರು. ಬೆರಳ ನಡುವೆ ಒತ್ತಿದರೆ ಬೇಳೆ ಪಟಕ್ಕನೆ ತಟ್ಟೆಗೆ ಬೀಳುವುದು, ಸಿಪ್ಪೆ ಕೈಯಲ್ಲೇ ಉಳಿಯುವುದು. ಸಪ್ಪಲಮ್ಮ ಸಿಪ್ಪೆಗಳನ್ನು ಬಾಚಿ ಗುಡ್ಡೆ ಮಾಡಿ ಕೆಡವಿ ನಗುತ್ತಿತ್ತು. ಬೀಗಿತ್ತಿಯರು ಮಳೆ, ಬೆಳೆ, ಯಾರ ಮದುವೆ ಅಂತ ಮಾತಾಡಿದರು.

ಸೊಣ್ಣಮ್ಮ ತಲೆ ಎತ್ತದೆ, "ಅತ್ತೆ, ಒಂದು ಮಾತು" ಅಂತ ಶುರುಮಾಡಿದಳು.

ಎಲ್ಲವನ್ನೂ ಹೇಳಿದಳು. ಕರಿ ಹಾಳೆಯ ಅರ್ಧ ಮೂಳೆ, ಮಸಿ ಗುರುತಿನ ಮೊಟ್ಟೆ, ಕೆಂಪು ಚುಕ್ಕಿ. ಜಗುಲಿಯ ಮೇಲೆ ಅವರೆಬೇಳೆಗಳನ್ನು ಎರಡು ಸಾಲು ಜೋಡಿಸಿ ಮಣಿ ಹೇಗೆ ಕೂಡುತ್ತದೆಂದು ತೋರಿಸಿದಳು. ಒಂದು ಸಾಲಿನಿಂದ ಒಂದು ಬೇಳೆ ತೆಗೆದು, "ಇಷ್ಟೇ ಅತ್ತೆ ಆಗಿರೋದು. ನಾಲ್ಕನೇ ವಾರದಲ್ಲೇ ಆಗ್ಹೋಗಿತ್ತಂತೆ. ಗ್ರಾಣದ ಹೊತ್ತಿಗೆ ಎಲ್ಲಾ ಮುಗ್ದೋಗಿತ್ತಂತೆ" ಅಂದಳು.

ಮುನಿವೆಂಕಟಮ್ಮನ ಕೈ ನಿಂತಿತು. ಅವರು ಎಗರಾಡಲಿಲ್ಲ. ಬಗ್ಗಿ, ಜೋಡಿಸಿದ ಬೇಳೆಗಳನ್ನು ಒಂದೊಂದಾಗಿ ನೋಡಿದರು. ಕೋಳಿ, ಮೊಟ್ಟೆ, ಕಾವು ಅಂದರೆ ಅವರಿಗೆ ತಿಳಿಯದ ವಿಷಯವೇ? ಮೂರು ದಿನದ ಮೊಟ್ಟೆ ಒಡೆದು ಅವರೂ ಎಷ್ಟೋ ಸಲ ಆ ನೆತ್ತರ ನೂಲು ಕಂಡು ಚೆಲ್ಲಿದವರು.

"ಹೌದೇನೋ" ಅಂದರು ಕೊನೆಗೆ. "ಹೌದೇನೋ ಕಣೇ. ಮೂರು ವರ್ಷ ನಿನ್ನ ಬಯ್ದೆ ನಾನು."

ಅತ್ತೆ ಬೆರಳ ಗೆಣ್ಣುಗಳನ್ನು ಹೆಬ್ಬೆರಳಿನಿಂದ ಮುಟ್ಟುತ್ತಾ ಹಿಂದಕ್ಕೆ ಎಣಿಸತೊಡಗಿದರು. ಫಾಲ್ಗುಣ, ಮಾಘ, ಪುಷ್ಯ, ಮಾರ್ಗಶಿರ.

"ಬಸಿರು ನಿಂತಿದ್ದು ಜೇಷ್ಠದ ಕೊನೇಲಿ. ನಾಲ್ಕನೇ ವಾರ ಅಂದ್ರೆ..." ಬೆರಳು ನಿಂತಿತು. "ಆಷಾಢ."

ಅವರು ಅದೇ ಗೆಣ್ಣನ್ನು ಇನ್ನೊಂದು ಸಲ ಮುಟ್ಟಿ ನೋಡಿದರು.

"ಆಷಾಢದಾಗೆ ನೀನು ನಮ್ಮನೇಲಿ ಇರ್ಲಿಲ್ಲ. ಹೊಸ ಮದ್ಲಿಂಗಿತ್ತಿ, ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರ್ದು ಅಂತ ತೌರಿಗೆ ಕಳಿಸಿದ್ದೆ. ತಿಂಗಳು ಪೂರ್ತಿ ಪಿಲ್ಲಗುಂಪೇಲಿದ್ದೆ." ಮುನಿವೆಂಕಟಮ್ಮ ತಲೆ ಎತ್ತಿ ಬೀಗಿತ್ತಿಯ ಕಡೆ ತಿರುಗಿದರು. "ಏನು ನಡೀತು ಲಕ್ಕಮ್ಮ ನಿಮ್ಮನೇಲಿ?"

ನಮ್ಮ ಜನ ಹಸಿವು ತಡೆಯುತ್ತಾರೆ, ಬರ ತಡೆಯುತ್ತಾರೆ, ಯಾರದೂ ಅಲ್ಲದ ತಪ್ಪನ್ನು ಮಾತ್ರ ಒಂದು ಗಳಿಗೆ ತಡೆಯಲಾರರು. ಅದನ್ನು ಯಾರ ತಲೆಗಾದರೂ ಕಟ್ಟಬೇಕು, ಆಗಲೇ ಸಮಾಧಾನ.

"ಅತ್ತೆ, ಯಾರೂ ಮಾಡ್ಲಿಲ್ಲ ಅಂತ ಡಾಕ್ಟ್ರಮ್ಮ..." ಅಂತ ಸೊಣ್ಣಮ್ಮ ಬಾಯಿ ತೆರೆಯುವಷ್ಟರಲ್ಲಿ ಲಕ್ಕಮ್ಮನ ಮಡಿಲಿನ ತಟ್ಟೆ ಜಾರಿ ಬೇಳೆಯೆಲ್ಲ ಚೆಲ್ಲಿತು.

"ಅಯ್ಯೋ ಶಿವನೇ" ಅಂದಳು ಲಕ್ಕಮ್ಮ. ಅವಳ ಮುಖ ಬಿಳಿಚಿಹೋಗಿತ್ತು. "ಸೊಣ್ಣೀ, ಎಳ್ಳಿನ ಕಷಾಯ. ಎಳ್ಳಿನ ಕಷಾಯ ಕುಡಿಸಿದ್ನಲ್ಲೇ ನಾನು!"

ಸೊಣ್ಣಮ್ಮನಿಗೆ ಆಗ ನೆನಪಾಯಿತು. ದೊಡ್ಡವಳಾದಾಗಿನಿಂದ ಅವಳ ಮುಟ್ಟು ಹೊತ್ತುಗೊತ್ತಿಲ್ಲದ್ದು. ತಡವಾದಾಗಲೆಲ್ಲ ಅವ್ವ ಎಳ್ಳು ಬೆಲ್ಲ ಕುದಿಸಿ ಕುಡಿಸುತ್ತಿದ್ದಳು. ಆ ಆಷಾಢದಲ್ಲೂ ತಡವಾಗಿತ್ತು, ಹೊಟ್ಟೆ ಕಿವುಚುತ್ತಿತ್ತು. ಮದುವೆಯಾಗಿ ತಿಂಗಳೊಪ್ಪತ್ತು, ಇಷ್ಟು ಬೇಗ ಎಲ್ಲಿಯ ಬಸಿರು ಅಂತ ಅವ್ವ ಮೂರು ಬೆಳಗ್ಗೆ ಬಿಸಿ ಬಿಸಿ ಲೋಟ ಕೈಗಿಟ್ಟಿದ್ದಳು. ಪಕ್ಕದಲ್ಲಿ ಕೂತು ತಲೆ ಸವರಿ ಕುಡಿಸಿದ್ದಳು. ಆಮೇಲೆ ಬಸಿರು ಅಂತ ತಿಳಿದ ಖುಷಿಯಲ್ಲಿ ಇಬ್ಬರೂ ಅದನ್ನು ಮರೆತಿದ್ದರು. ಅದನ್ನು ಡಾಕ್ಟರಮ್ಮನ ಹತ್ತಿರ ಕೇಳಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ.

"ಹಂಗನ್ನು!" ಅಂತ ಮುನಿವೆಂಕಟಮ್ಮ ತೊಡೆ ತಟ್ಟಿದರು. "ಮುಟ್ಟು ಇಳಿಸೋ ಕಷಾಯ! ಬಸುರೀಗೆ! ಅದೂ ಮಣಿ ಕಟ್ಟೋ ವಾರದಾಗೆ! ನೀನು ಮಾಡಿಟ್ಟು, ನಮ್ಮನೆ ಹುಡುಗಿ ಮೇಲೆ ಹೊರಿಸಿ ಬಾಯಿ ಮುಚ್ಕೊಂಡು ಕೂತ್ಯಲ್ಲ ಮೂರು ವರ್ಷ? ನನ್ನ ಸೊಸೆದು ತಪ್ಪಿಲ್ಲ. ಕೇಳಿಸ್ಕೊಳ್ಳೇ ಸೊಣ್ಣಿ, ನಿನ್ನ ತಪ್ಪಲ್ಲ ಕಣೇ. ನಾನು ಅಂದಿದ್ದೆಲ್ಲ ಹೊಟ್ಟೆಗೆ ಹಾಕ್ಕೋ. ಆದ್ರೆ ಇವತ್ತಿಂದ ನೀನಾಗ್ಲಿ ನನ್ನ ಮೊಮ್ಮಗಳಾಗ್ಲಿ ಆ ಪಿಲ್ಲಗುಂಪೆ ಹೊಸಿಲು ತುಳೀಕೂಡ್ದು."

ಬಂತು ನೋಡಿ ಆ ಮಾತು. ಮೂರು ವರ್ಷ ಹಗಲಿರುಳು ಹಂಬಲಿಸಿದ ಮಾತು, ಅತ್ತೆಯ ಬಾಯಿಂದಲೇ ಬಂತು. ಸೊಣ್ಣಮ್ಮನಿಗೆ ಅದು ಕಿವಿಯ ಮೇಲೆ ಬಿದ್ದಿತೇ ಹೊರತು ಒಳಗೆ ಇಳಿಯಲಿಲ್ಲ. ಅವಳು ಅವ್ವನನ್ನೇ ನೋಡುತ್ತಿದ್ದಳು. ಲಕ್ಕಮ್ಮ ಬಲಗೈಯನ್ನು ಕಣ್ಣ ಮುಂದೆ ಹಿಡಿದುಕೊಂಡು, ಅದು ತನ್ನದಲ್ಲವೇ ಅಲ್ಲ ಎಂಬಂತೆ ನೋಡುತ್ತಿದ್ದಳು. "ಈ ಕೈಯಲ್ಲೇ. ಈ ಕೈಯಲ್ಲೇ ಕುಡಿಸ್ದೆ" ಅನ್ನುತ್ತಿದ್ದಳು. ಆ ಕೈ ಇನ್ನು ಮುಂದೆ ಎಳ್ಳು ಮುಟ್ಟುವುದಿಲ್ಲ, ಒಲೆ ಹಚ್ಚುವುದಿಲ್ಲ, ಒಂಟಿ ಮನೆಯಲ್ಲಿ ಅವ್ವ ಅದನ್ನು ನೋಡುತ್ತಾ ನೋಡುತ್ತಾ ಸವೆದುಹೋಗುತ್ತಾಳೆ ಅನ್ನುವುದು ಸೊಣ್ಣಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಹಾದಿ ಅವಳು ಮೂರು ವರ್ಷ ನಡೆದ ಹಾದಿ.

ಕಷಾಯದಿಂದ ಏನೂ ಆಗುವುದಿಲ್ಲ ಅಂತ ಹೇಳಬಹುದಿತ್ತು. ಯಾರು ನಂಬುತ್ತಿದ್ದರು? ಅವಳಿಗೇ ಖಂಡಿತ ಗೊತ್ತಿರಲಿಲ್ಲ.

"ಅತ್ತೆ" ಅಂದಳು. "ನಾನು ಸುಳ್ಳು ಹೇಳ್ದೆ."

"ಏನು?"

"ಡಾಕ್ಟ್ರಮ್ಮ ಅದ್ಯಾವುದೂ ಹೇಳ್ಲಿಲ್ಲ. ಮೊಟ್ಟೆ, ಮಣಿ, ನಾಲ್ಕನೇ ವಾರ, ಎಲ್ಲಾ ನಾನೇ ಕಟ್ಟಿದ್ದು. ನೀವು ಬಯ್ಯೋದು ತಡೀಲಾರ್ದೆ ಕಟ್ಟಿದೆ. ಫೋಟೋದಲ್ಲಿ ಮೂಳೆ ಕುಯ್ದಂಗೇ ಇದೆ. ಕುಡುಗೋಲು ಹಿಡಿದೋಳು ನಾನೇ, ಕುಯ್ದೋಳೂ ನಾನೇ."

ಮುನಿವೆಂಕಟಮ್ಮ ಕಣ್ಣು ಕಿರಿದು ಮಾಡಿಕೊಂಡು ಸೊಸೆಯನ್ನು ನೋಡಿದರು. "ಮಗೀನ ತಲೆ ಮುಟ್ಟಿ ಹೇಳು."

ಸಪ್ಪಲಮ್ಮ ಸಿಪ್ಪೆಯ ಗುಡ್ಡೆಯ ಪಕ್ಕದಲ್ಲೇ ಕೂತಿತ್ತು. ಸೊಣ್ಣಮ್ಮನ ಕೈ ಮೇಲೇಳಲಿಲ್ಲ. ಸುಳ್ಳು ಆಣೆ ಮಗುವಿಗೆ ತಟ್ಟುತ್ತದೆ ಎಂಬುದನ್ನೂ ಅವಳಿಗೆ ಚಿಕ್ಕಂದಿನಿಂದ ಕಲಿಸಿದ್ದರಲ್ಲ. ಲಕ್ಕಮ್ಮ ತನ್ನ ಕೈ ಇಳಿಸಿ, ಬಾಯಿ ಬಿಟ್ಟುಕೊಂಡು, ನೀರಿಗೆ ಬಿದ್ದವರು ದಡದ ಕಡೆ ನೋಡುವ ಹಾಗೆ ಮಗಳ ಕಡೆ ನೋಡುತ್ತಿದ್ದಳು. ಸೊಣ್ಣಮ್ಮ ಕೈಯೆತ್ತಿ ಮಗಳ ನೆತ್ತಿಯ ಮೇಲಿಟ್ಟಳು.

"ಇವಳಾಣೆಗೂ ನಾನೇ" ಅಂದಳು.

ಲಕ್ಕಮ್ಮ ಬಿಕ್ಕಿ ಬಿಕ್ಕಿ ಅತ್ತಳು. ಎದೆಯ ಮೇಲಿನ ಬಂಡೆ ಇಳಿದ ಅಳು ಅದು. ಅತ್ತು ಮುಗಿಸಿ ಸೆರಗಿನಿಂದ ಮುಖ ಒರೆಸಿಕೊಂಡವಳು, ಮಗಳ ಭುಜಕ್ಕೆ ಒಂದು ಗುದ್ದು ಗುದ್ದಿದಳು. "ಹಾಳಾದೋಳೇ, ನನ್ನ ಜೀವಾನೇ ಬಾಯಿಗೆ ತಂದಿಟ್ಯಲ್ಲೇ! ಗ್ರಾಣದಲ್ಲಿ ಕತ್ತಿ ಮುಟ್ಬೇಡ, ಮುಟ್ಬೇಡ ಅಂತ ಲಂಗ ಉಡೋ ಕಾಲದಿಂದ ಬಡ್ಕೊಂಡಿದ್ದೆ. ನೀನು ಕೇಳಿದ್ರೆ ಈ ಕೂಸಿಗೆ ಈ ಗತಿ ಬರ್ತಿತ್ತಾ?"

ಮೂರು ವರ್ಷದಲ್ಲಿ ಅವ್ವ ಹಾಗಂದದ್ದು ಅದೇ ಮೊದಲು. ಸೊಣ್ಣಮ್ಮ ತಲೆ ತಗ್ಗಿಸಿ ಚೆಲ್ಲಿದ ಬೇಳೆ ಆರಿಸತೊಡಗಿದಳು.

"ನಾನು ಮೊದ್ಲೇ ಅಂದಿರ್ಲಿಲ್ವಾ?" ಅಂತ ಮುನಿವೆಂಕಟಮ್ಮ ಬೀಗಿತ್ತಿಗೆ ಎಲೆಯಡಿಕೆ ತಟ್ಟೆ ಸರಿಸಿ, ಮೊಮ್ಮಗಳನ್ನು ತೊಡೆಯ ಮೇಲೆ ಎಳೆದುಕೊಂಡರು. "ಕೇಳಿದ್ಯೇನವ್ವಾ? ನಿಮ್ಮವ್ವ ಇವತ್ತು ಬಾಯಿಬಿಟ್ಟು ಒಪ್ಕೊಂಡ್ಳು."

ಸಪ್ಪಲಮ್ಮ ಅಜ್ಜಿಯ ಮುಖ ನೋಡಿತು, ಅಮ್ಮಮ್ಮನ ಮುಖ ನೋಡಿತು. ಏನೋ ನಡೆದಿದೆ ಅಂತ ಅದಕ್ಕೆ ತಿಳಿಯಿತು. ತೊಡೆಯಿಂದ ಜಾರಿ, ವಾಲಿಕೊಂಡು ನಡೆದುಬಂದು, ಸೊಣ್ಣಮ್ಮನ ಗಲ್ಲ ಹಿಡಿದು ಮುಖ ಮೇಲೆತ್ತಿತು. ಅವತ್ತು ಅದು ನಗಲಿಲ್ಲ.

"ಅವ್ವಾ, ನನ್ ಬೆನ್ನಿಗೆ ನೀನೇ ಉವ್ವಿ ಮಾಡಿದ್ದಾ?"

ಲಕ್ಕಮ್ಮ ಕೇಳುತ್ತಾ ಕೂತಿದ್ದಳು.

"ಹೂಂ ಕಂದಾ" ಅಂದಳು ಸೊಣ್ಣಮ್ಮ. "ನಾನೇ."